ಗೊರಕೆಯಿಂದ ಮಂಡಿಯವರೆಗೆ

ಬೆಳಗಿನ ಹತ್ತೂವರೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ಮೂರನೆಯ ಮಹಡಿ. ಹೃದ್ರೋಗ ವಿಭಾಗದ ಮುಂದೆ ಟೋಕನ್ನಿನ ವಿಚಾರಕ್ಕೆ ಮಾತಿಗೆ ಮಾತು ಬೆಳೆದಿದೆ, ಮಕ್ಕಳ ವಿಭಾಗದಿಂದ ಅಳು ಕೇಳುತ್ತಿದೆ. ಕಾರಿಡಾರಿನ ತುದಿಯಲ್ಲಿ, ತೂಕ ಇಳಿಸುವ ಆಪರೇಷನ್ನಿಗೆಂದು ಬಂದವರು ಕಾಯುವ ಜಾಗದಲ್ಲಿ ಮಾತ್ರ ಗಲಾಟೆಯಿಲ್ಲ. ಕೈಗಳಿಲ್ಲದ ಅಗಲ ಕುರ್ಚಿಗಳಲ್ಲಿ ಕುಳಿತವರಲ್ಲಿ ಹಲವರು ನಿದ್ದೆಹೋಗಿದ್ದಾರೆ. ಒಬ್ಬರ ತೊಡೆಯ ಮೇಲಿನ ಫೈಲು ಜಾರಿ ನೆಲಕ್ಕೆ ಬಿತ್ತು, ಅವರಿಗೆ ಎಚ್ಚರವಾಗಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಬಗ್ಗಿ ಎತ್ತಿಕೊಂಡರು. ಹಾವೇರಿ ಕಡೆಯವರು, ರಾತ್ರಿ ಬಸ್ಸಿಗೆ ಬಂದದ್ದಂತೆ. "ಬಸ್ಸಿನ ನಿದ್ದಿಗೇಡು ಅಲ್ರೀ ಇದು, ದಿನಾನೂ ಹಿಂಗ" ಎಂದರು, ಯಾರೂ ಕೇಳುವ ಮೊದಲೇ.

ಆತನ ಎತ್ತರ 172 ಸೆಂಟಿಮೀಟರು, ತೂಕ 138 ಕಿಲೋ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಯೇ ಬಿಎಂಐ. ಈತನದು 46 ದಾಟುತ್ತದೆ. ಭಾರತೀಯರಲ್ಲಿ 25 ದಾಟಿದರೇ ಬೊಜ್ಜು ಎಂದು ನಮ್ಮ ವೈದ್ಯರು 2009ರಲ್ಲಿ ಒಮ್ಮತದಿಂದ ನಿಗದಿ ಮಾಡಿದ್ದಾರೆ. ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರಿಕೊಳ್ಳುವ ಮೈ ನಮ್ಮದು, ಪಾಶ್ಚಾತ್ಯರಿಗಿಂತ ಕಡಿಮೆ ತೂಕದಲ್ಲೇ ಕಾಯಿಲೆ ಶುರುವಾಗುತ್ತದೆ. ಅದೇ ಒಮ್ಮತದ ಪ್ರಕಾರ, ಬೇರೆ ಪ್ರಯತ್ನಗಳು ಸೋತಾಗ, 37.5ರ ಮೇಲಿದ್ದರೆ ಅಥವಾ 32.5ರ ಮೇಲಿದ್ದು ಜೊತೆಗೆ ಕಾಯಿಲೆಗಳಿದ್ದರೆ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು. ಈ "ಜೊತೆಗಿನ ಕಾಯಿಲೆಗಳು" ಎಷ್ಟಿವೆ, ಎಲ್ಲಿ ಕೂತಿವೆ ಎಂದು ಹುಡುಕುವುದಕ್ಕೇ ಆಪರೇಷನ್ನಿಗೆ ಮೊದಲಿನ ಈ ಓಡಾಟವೆಲ್ಲ.

ಒಳಗೆ ಮೊದಲ ಪ್ರಶ್ನೆ ಊಟದ್ದಲ್ಲ, ನಿದ್ದೆಯದು. ಕೇಳುವುದೂ ರೋಗಿಯನ್ನಲ್ಲ, ಪಕ್ಕದಲ್ಲಿ ಮಲಗುವವರನ್ನು.

"ಗೊರಕೆ ಹೊಡೀತಾರಾ ಅಮ್ಮ?"

"ಗೊರಕಿ ಆದ್ರ ತಡ್ಕೋಬೌದ್ರೀ ಡಾಕ್ಟರ. ಗೊರಕಿ ನಿಂತು ಬಿಡ್ತೈತಲ್ರೀ, ಆವಾಗ ಹೆದರಿಕಿ. ಉಸಿರೇ ಇರಂಗಿಲ್ಲ. ನಾ ತಿವಿದು ಎಬ್ಬಸ್ತೀನಿ."

ಈ ಹೆಣ್ಣುಮಗಳು ಎಷ್ಟು ವರ್ಷದಿಂದ ಹೀಗೆ ಅರ್ಧ ಎಚ್ಚರದಲ್ಲಿ ಮಲಗುತ್ತಿದ್ದಾರೋ. ಗಂಡನ ಉಸಿರಿಗೆ ಕಾವಲು ಕೂರುವ ಇಂಥ ಹೆಂಡಂದಿರು ಈ ವಿಭಾಗಕ್ಕೆ ದಿನವೂ ಬರುತ್ತಾರೆ. ಮಲಗಿದಾಗ ಗಂಟಲಿನ ಸ್ನಾಯು ಸಡಿಲವಾಗುವುದು ಎಲ್ಲರಲ್ಲೂ ಸಹಜ. ಕುತ್ತಿಗೆಯ ಸುತ್ತ, ನಾಲಿಗೆಯ ಬುಡದಲ್ಲಿ ಕೊಬ್ಬು ತುಂಬಿದವರಲ್ಲಿ ಮಾತ್ರ ಆ ದಾರಿ, ಯಾರೋ ಕಾಲಿಟ್ಟ ನೀರಿನ ಪೈಪಿನಂತೆ, ಮುಚ್ಚಿಹೋಗುತ್ತದೆ. ಎದೆ ಏರಿಳಿಯುತ್ತಲೇ ಇರುತ್ತದೆ, ಗಾಳಿ ಒಳಹೋಗುವುದಿಲ್ಲ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷಕ್ಕೂ ಮಿಕ್ಕು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಬಿದ್ದು ಎಬ್ಬಿಸುತ್ತದೆ, ದೊಡ್ಡದೊಂದು ಗೊರಕೆಯೊಡನೆ ಉಸಿರು ಮರಳುತ್ತದೆ. ಎದ್ದದ್ದು ಮಲಗಿದವನಿಗೆ ನೆನಪಿರುವುದಿಲ್ಲ. ಸ್ಲೀಪ್ ಅಪ್ನಿಯಾ ಎನ್ನುವುದು ಇದನ್ನೇ. ಗಂಟೆಗೆ 5 ಸಲ ಆದರೆ ಕಾಯಿಲೆ, 30 ಸಲ ಆದರೆ ತೀವ್ರ ಕಾಯಿಲೆ. ಗಂಟೆಗೆ 30 ಎಂದರೆ ರಾತ್ರಿಯಿಡೀ ಎರಡು ನಿಮಿಷಕ್ಕೊಮ್ಮೆ ಉಸಿರುಗಟ್ಟಿ ಏಳುವುದು. ಅಂಥವರು ಬೆಳಿಗ್ಗೆ ತಲೆನೋವಿನೊಂದಿಗೆ ಏಳುತ್ತಾರೆ, ಹಗಲು ಕೂತಲ್ಲೇ ನಿದ್ದೆಹೋಗುತ್ತಾರೆ, ಮನೆಯವರಿಂದ ಸೋಮಾರಿ ಅನ್ನಿಸಿಕೊಳ್ಳುತ್ತಾರೆ.

"ಗಾಡಿ ಓಡಿಸ್ತೀರಾ?" ಎಂದರು ವೈದ್ಯರು. ಆತನದು ಸ್ವಂತ ಟೆಂಪೊ, ತರಕಾರಿ ಸಾಗಣೆ. ಹೆದ್ದಾರಿಯಲ್ಲಿ ಒಮ್ಮೆ ಕಣ್ಣು ಮುಚ್ಚಿ ಗಾಡಿ ಡಿವೈಡರ್ ಹತ್ತಿದ್ದನ್ನು ಆತ ಅದುವರೆಗೆ ಮನೆಯಲ್ಲಿ ಹೇಳಿರಲಿಲ್ಲವೆಂದು ಹೆಂಡತಿಯ ಮುಖ ನೋಡಿದರೇ ತಿಳಿಯಿತು.

ನರ್ಸ್ ಕುತ್ತಿಗೆಗೆ ಟೇಪು ಸುತ್ತಿ ಅಳತೆ ಬರೆದುಕೊಂಡರು. ಟೊರಾಂಟೊದ ಅರಿವಳಿಕೆ ತಜ್ಞೆ ಫ್ರಾನ್ಸೆಸ್ ಚುಂಗ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಿಂದ ಬೆಳೆದ ಎಂಟು ಪ್ರಶ್ನೆಗಳ ಪಟ್ಟಿಯೊಂದಿದೆ: ಗೊರಕೆ, ಹಗಲಿನ ದಣಿವು, ಉಸಿರು ನಿಂತದ್ದನ್ನು ಯಾರಾದರೂ ಕಂಡದ್ದು, ಬಿಪಿ, ಬಿಎಂಐ, ವಯಸ್ಸು, ಕುತ್ತಿಗೆಯ ಸುತ್ತಳತೆ, ಗಂಡೋ ಹೆಣ್ಣೋ. ಯಂತ್ರ ಬೇಡ, ದುಡ್ಡು ಬೇಡ. ಯಾವ ಹಳ್ಳಿಯ ಆರೋಗ್ಯ ಕೇಂದ್ರದಲ್ಲಾದರೂ ಐದು ನಿಮಿಷದಲ್ಲಿ ಕೇಳಿ ಮುಗಿಸಬಹುದು. ಒಬ್ಬರೇ ಮಲಗುವವರು ಫೋನಿನಲ್ಲಿ ರಾತ್ರಿಯ ಸದ್ದು ರೆಕಾರ್ಡ್ ಮಾಡಿಕೊಂಡು ಬಂದರೂ ವೈದ್ಯರಿಗೆ ಸುಳಿವು ಸಿಗುತ್ತದೆ. ಶಸ್ತ್ರಚಿಕಿತ್ಸೆಗೆ ಬರುವ ತೀವ್ರ ಬೊಜ್ಜಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ಕಾಯಿಲೆ ಇರುತ್ತದೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಅವರಲ್ಲಿ ಬಹುಪಾಲಿನವರಿಗೆ ಅದು ಗೊತ್ತಾಗುವುದು ಇಲ್ಲಿಗೆ ಬಂದ ಮೇಲೆಯೇ.

ಇದು ಹೊಸ ಕಾಯಿಲೆಯೇನಲ್ಲ. 1956ರಲ್ಲಿ ಅಮೆರಿಕದ ವೈದ್ಯ ಬರ್‌ವೆಲ್ ಮತ್ತು ಸಂಗಡಿಗರು ಒಬ್ಬ ರೋಗಿಯ ಕತೆ ದಾಖಲಿಸಿದರು. ಇಸ್ಪೀಟು ಆಡುತ್ತ ಕೈಯಲ್ಲಿ ಗೆಲ್ಲುವಂಥ ಎಲೆಗಳಿದ್ದಾಗಲೇ ಆತ ನಿದ್ದೆಹೋಗಿದ್ದ; ಅದರಿಂದಲೇ ಹೆದರಿ ಆಸ್ಪತ್ರೆಗೆ ಬಂದಿದ್ದ. ಡಿಕನ್ಸ್‌ನ 'ಪಿಕ್ವಿಕ್ ಪೇಪರ್ಸ್' ಕಾದಂಬರಿಯಲ್ಲಿ ಬಾಗಿಲು ತಟ್ಟುತ್ತಲೇ ನಿದ್ದೆಹೋಗುವ ದಪ್ಪ ಹುಡುಗ ಜೋ ಇದ್ದಾನಲ್ಲ, ಅವನ ನೆನಪಿನಲ್ಲಿ ಆ ವೈದ್ಯರು ಕಾಯಿಲೆಗೆ ಪಿಕ್ವಿಕಿಯನ್ ಎಂದು ಹೆಸರಿಟ್ಟರು. ಮೈಭಾರಕ್ಕೆ ಎದೆಗೂಡು ಸರಿಯಾಗಿ ಅರಳದೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಉಳಿದುಕೊಳ್ಳುವ, ಇನ್ನೂ ಗಂಭೀರವಾದ ಸ್ಥಿತಿ ಅದು. ಗಂಟಲು ಮುಚ್ಚದಂತೆ ಮೂಗಿನಿಂದ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಅವರದು. ಅದರ ವರದಿ ಪ್ರಕಟವಾದದ್ದು 1981ರಲ್ಲಿ.

ಹಾವೇರಿಯವರನ್ನು ಒಂದು ರಾತ್ರಿ ನಿದ್ದೆಯ ಪರೀಕ್ಷೆಗೆ ಉಳಿಸಿಕೊಳ್ಳುತ್ತಾರೆ. ತಲೆಗೆ, ಎದೆಗೆ, ಬೆರಳಿಗೆ ತಂತಿಗಳು. ಕಾಯಿಲೆ ಖಚಿತವಾದರೆ ಆಪರೇಷನ್ನಿಗೆ ಮೊದಲು ಕೆಲವು ವಾರ ಸಿಪ್ಯಾಪ್ ಹಾಕಿಕೊಂಡೇ ಮಲಗಬೇಕು. ಅರಿವಳಿಕೆ ತಜ್ಞರು ಈ ವಿಚಾರದಲ್ಲಿ ಯಾರ ಒತ್ತಾಯಕ್ಕೂ ಬಗ್ಗುವುದಿಲ್ಲ, ಬಗ್ಗಲೂಬಾರದು. ಮತ್ತಿನ ಔಷಧಿ, ಆಪರೇಷನ್ ಆದಮೇಲಿನ ನೋವಿನ ಔಷಧಿ ಎರಡೂ ಗಂಟಲನ್ನು ಇನ್ನಷ್ಟು ಸಡಿಲಿಸುತ್ತವೆ. ತೀವ್ರ ಬೊಜ್ಜಿನವರನ್ನು ಅಂಗಾತ ಮಲಗಿಸಿದರೆ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಬಹಳ ಕಡಿಮೆ, ಆಮ್ಲಜನಕ ಬೇಗ ಇಳಿಯುತ್ತದೆ. ಅದಕ್ಕೇ ಭುಜದ ಕೆಳಗೆ ದಿಂಬು, ಬಟ್ಟೆ ಪೇರಿಸಿ, ಕಿವಿಯ ರಂಧ್ರ ಎದೆಮೂಳೆಯ ಮೇಲ್ತುದಿಯ ಮಟ್ಟಕ್ಕೆ ಬರುವಷ್ಟು ತಲೆಯನ್ನು ಎತ್ತರಿಸಿದ ಮೇಲೆಯೇ ಅವರು ಗಂಟಲಿಗೆ ನಳಿಕೆ ಇಳಿಸುವುದು.

ಹೊರಗೆ ಬಿಪಿ ನೋಡುವ ಮೇಜಿನ ಬಳಿ ನಿಂತರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ನರ್ಸ್ ಪ್ರತಿಯೊಬ್ಬರ ತೋಳಿನ ಸುತ್ತಳತೆ ನೋಡಿ ಪಟ್ಟಿ ಆರಿಸುತ್ತಾರೆ. ಮಾಮೂಲಿ ಕ್ಲಿನಿಕ್ಕಿನ ಪಟ್ಟಿಯೊಳಗಿನ ಗಾಳಿಚೀಲ ದಪ್ಪ ತೋಳನ್ನು ಪೂರ್ತಿ ಬಳಸುವುದಿಲ್ಲ. ಹಾಗಾದಾಗ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಚಿಕ್ಕ ಪಟ್ಟಿಯ ಲೆಕ್ಕಕ್ಕೆ ಎರಡೆರಡು ಮಾತ್ರೆ ನುಂಗುತ್ತ ಬಂದವರಿದ್ದಾರೆ. ನಿಜವಾದ ಬಿಪಿಯನ್ನು "ಪಟ್ಟಿ ಸರಿ ಕೂರ್ಲಿಲ್ಲ ಬಿಡಿ" ಎಂದು ಬಿಟ್ಟುಬಿಟ್ಟವರೂ ಇದ್ದಾರೆ. ದೊಡ್ಡ ಪಟ್ಟಿಯೇನು ದುಬಾರಿ ಸಾಮಾನಲ್ಲ. ಅದನ್ನು ಇಟ್ಟುಕೊಳ್ಳದ ಕ್ಲಿನಿಕ್ ದಪ್ಪ ಜನರಿಗೆ ಚಿಕಿತ್ಸೆ ಕೊಡಲು ತಯಾರಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ಮೂಲೆಯ ಕುರ್ಚಿಯಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗಿ, ಪಕ್ಕದಲ್ಲಿ ತಾಯಿ. ಹುಡುಗಿ ದುಪಟ್ಟಾವನ್ನು ಕುತ್ತಿಗೆಗೆ ಎರಡು ಸುತ್ತು ಬಿಗಿದಿದ್ದಾಳೆ. ಒಳಗೆ ವೈದ್ಯೆ ಅದನ್ನು ಸರಿಸಿ ನೋಡಿದರು: ಕುತ್ತಿಗೆಯ ಹಿಂಭಾಗ ಕಪ್ಪಾಗಿ, ಒರಟಾಗಿ, ಮಖಮಲ್ಲಿನ ಹಾಗೆ ದಪ್ಪಗಟ್ಟಿದೆ. "ಎಷ್ಟು ಉಜ್ಜಿದ್ರೂ ಹೋಗಲ್ಲ ಮೇಡಂ. ನಿಂಬೆಹಣ್ಣು, ಕಡಲೆಹಿಟ್ಟು ಎಲ್ಲ ಹಚ್ಚಿದೀನಿ. ಸರಿಯಾಗಿ ಸ್ನಾನ ಮಾಡಲ್ಲ ಇವಳು" ಎಂದರು ತಾಯಿ. ಹುಡುಗಿ ನೆಲ ನೋಡುತ್ತಿದ್ದಳು. ಅದು ಕೊಳೆಯಲ್ಲ. ಮೈಯ ಜೀವಕೋಶಗಳು ಇನ್ಸುಲಿನ್ನಿಗೆ ಓಗೊಡದೆ ಹೋದಾಗ ಮೇದೋಜೀರಕ ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸುರಿಸುತ್ತದೆ. ಅದರ ಅತಿಯಿಂದ ಚರ್ಮ ಹೀಗಾಗುತ್ತದೆ. ಸಕ್ಕರೆ ಕಾಯಿಲೆ ಬರುವುದಕ್ಕೆ ವರ್ಷಗಳ ಮೊದಲೇ ಮೈ ಕೊಟ್ಟ ಸೂಚನೆ ಅದು. ವರ್ಷಗಟ್ಟಲೆ ಆ ಸೂಚನೆಯನ್ನು ಸ್ಕ್ರಬ್ ಹಾಕಿ ತಿಕ್ಕಿದ್ದಾರೆ, ಮಗುವಿಗೆ ಕೊಳಕಿ ಎಂಬ ಹೆಸರನ್ನೂ ಕೊಟ್ಟಿದ್ದಾರೆ. ವೈದ್ಯೆ ತಾಯಿಗೆ ಇದನ್ನು ಬಿಡಿಸಿ ಹೇಳಿದಾಗ ಹುಡುಗಿ ಮೊದಲ ಸಲ ತಲೆಯೆತ್ತಿದಳು.

ಅವಳಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಮುಟ್ಟು, ಗಲ್ಲದ ಮೇಲೆ ಕೂದಲು. ಊರಲ್ಲಿ ಪಿಸಿಒಡಿ ಎಂದು ಮಾತ್ರೆ ಕೊಟ್ಟಿದ್ದರು. ಜೊತೆಗೆ ಆರು ತಿಂಗಳಿಂದ ತಲೆನೋವು, ಬಗ್ಗಿದರೆ ಕಣ್ಣು ಮಂಜು. ಈ ಕೊನೆಯ ಮಾತಿಗೆ ವೈದ್ಯೆ ಪೆನ್ನು ಕೆಳಗಿಟ್ಟರು, ಅಂದೇ ಕಣ್ಣಿನ ವಿಭಾಗಕ್ಕೆ ಕಳಿಸಿದರು. ತೀವ್ರ ಬೊಜ್ಜಿರುವ ಹರೆಯದ ಹೆಣ್ಣುಮಕ್ಕಳಲ್ಲಿ ತಲೆಬುರುಡೆಯೊಳಗಿನ ದ್ರವದ ಒತ್ತಡ ಏರುವ ಅಪರೂಪದ ಕಾಯಿಲೆಯೊಂದುಂಟು. ಕಣ್ಣಿನ ನರ ಊದಿಕೊಂಡು, ತಡಮಾಡಿದರೆ ದೃಷ್ಟಿಯೇ ಹೋಗಬಹುದು. ತೂಕ ಇಳಿದರೆ ಆ ಒತ್ತಡವೂ ಇಳಿಯುತ್ತದೆ.

ಹೆಂಗಸರು ಹೇಳದೆ ಉಳಿಸಿಕೊಳ್ಳುವ ಕಾಯಿಲೆಗಳೇ ಬೇರೆ. ಕೆಮ್ಮಿದರೆ, ನಕ್ಕರೆ, ಮೆಟ್ಟಿಲು ಹತ್ತಿದರೆ ಮೂತ್ರ ಜಿನುಗುವುದು. ಎದೆಯ ಕೆಳಗೆ, ಹೊಟ್ಟೆಯ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಕೆಂಪಾಗಿ ವಾಸನೆ ಬರುವುದು. ಇದಕ್ಕಾಗಿ ದೇವಸ್ಥಾನಕ್ಕೆ ಹೋಗುವುದನ್ನು, ದೂರದ ಬಸ್ ಹತ್ತುವುದನ್ನು ಬಿಟ್ಟವರಿದ್ದಾರೆ. ಸೂಕ್ಷ್ಮ ತಿಳಿದ ನರ್ಸ್ ಇವನ್ನು ಗಂಡನನ್ನು ಹೊರಗೆ ಕೂರಿಸಿಯೇ ಕೇಳುತ್ತಾರೆ. ಇನ್ನೊಂದನ್ನು ಕಡ್ಡಾಯವಾಗಿ ಕೇಳುತ್ತಾರೆ: ಮುಟ್ಟಿನಲ್ಲಿ ಹೆಚ್ಚು ಹೋಗುತ್ತದೆಯೇ, ಮುಟ್ಟು ನಿಂತ ಮೇಲೂ ರಕ್ತ ಕಂಡಿದೆಯೇ? ಕೊಬ್ಬು ಸುಮ್ಮನೆ ಬಿದ್ದುಕೊಂಡಿರುವ ವಸ್ತುವಲ್ಲ, ಅದೂ ಈಸ್ಟ್ರೋಜನ್ ತಯಾರಿಸುತ್ತದೆ. ಗರ್ಭಕೋಶದ ಒಳಪದರ ಅದರಿಂದ ದಪ್ಪವಾಗುತ್ತ ಹೋಗಿ ಕ್ಯಾನ್ಸರಿಗೆ ತಿರುಗಬಹುದು. ಬೊಜ್ಜಿನೊಂದಿಗೆ ನಂಟಿರುವ 13 ಬಗೆಯ ಕ್ಯಾನ್ಸರುಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಗುರುತಿಸಿದೆ. ಅದರಲ್ಲಿ ಇದೂ ಒಂದು.

ಸ್ಕ್ಯಾನಿಂಗ್ ಕೋಣೆಯಿಂದ ಬರುವ ವರದಿಗಳಲ್ಲಿ ಎರಡು ಮಾತು ಪದೇ ಪದೇ ಕಾಣುತ್ತವೆ, ಪಿತ್ತಕೋಶದ ಕಲ್ಲು ಮತ್ತು ಫ್ಯಾಟಿ ಲಿವರ್. ಕಲ್ಲಿನದು ಒಂದು ತೊಡಕು: ಬೊಜ್ಜಿನಿಂದಲೂ ಅದು ಬರುತ್ತದೆ, ಆಪರೇಷನ್ ಆಗಿ ತೂಕ ಸರ್ರನೆ ಇಳಿಯುವಾಗಲೂ ಬರುತ್ತದೆ. ಲಿವರಿನ ವಿಷಯ ಕೇಳಿದವರು ಬೆಚ್ಚುತ್ತಾರೆ. "ನಾನು ಜೀವನದಲ್ಲಿ ಒಂದು ತೊಟ್ಟು ಕುಡಿದವಳಲ್ಲ" ಎಂದರು ತುಮಕೂರಿನ ಒಬ್ಬ ನಿವೃತ್ತ ಶಿಕ್ಷಕಿ, ಅವಮಾನವಾದವರಂತೆ. ಕುಡಿಯಬೇಕಾಗಿಲ್ಲ. ಮಿಕ್ಕ ಕೊಬ್ಬು ಪಿತ್ತಜನಕಾಂಗದಲ್ಲಿ ತುಂಬಿ, ಕೆಲವರಲ್ಲಿ ಉರಿಯೂತವಾಗಿ, ನಾರುಗಟ್ಟಿ, ಕೊನೆಗೆ ಕುಡುಕರಿಗೆ ಬರುವ ಸಿರೋಸಿಸ್ಸೇ ಬರಬಹುದು. ನೋವಿರುವುದಿಲ್ಲ, ರಕ್ತ ಪರೀಕ್ಷೆ ಸರಿಯಾಗಿಯೇ ಇರಬಹುದು. ಅದಕ್ಕೇ ಫೈಬ್ರೋಸ್ಕ್ಯಾನ್ ಮಾಡಿ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುತ್ತಾರೆ.

ಆಪರೇಷನ್ನಿಗೆ ಎರಡು ವಾರ ಮೊದಲು ಡಯಟೀಷಿಯನ್ ಬರೆದುಕೊಡುವ ಕಟ್ಟುನಿಟ್ಟಿನ ಊಟದ ಚೀಟಿ ಈ ಲಿವರಿಗಾಗಿಯೇ. ದಿನಕ್ಕೆ ಸಾವಿರ ಕ್ಯಾಲರಿಯ ಒಳಗೆ, ಹೆಚ್ಚಿನದು ಪ್ರೊಟೀನ್, ಅನ್ನ ಮುದ್ದೆ ಬಹುತೇಕ ಬಂದ್. ತೂಕ ಇಳಿಸುವುದಕ್ಕೆ ಎಂದುಕೊಂಡು ರೋಗಿಗಳು ಬೇಸರಪಡುತ್ತಾರೆ: "ಇಷ್ಟೇ ತಿಂದು ಇರಕ್ಕಾಗೋದಾದ್ರೆ ಆಪರೇಷನ್ ಯಾಕೆ ಬೇಕಿತ್ತು?" ಲಿವರಿನ ಎಡಭಾಗ ಜಠರದ ಮೇಲ್ಭಾಗವನ್ನು ಮುಚ್ಚಿಕೊಂಡಿರುತ್ತದೆ. ಕೊಬ್ಬು ತುಂಬಿ ಊದಿದ ಲಿವರನ್ನು ಎತ್ತಿ ಹಿಡಿಯುವುದು ಕಷ್ಟ, ಎತ್ತಿದರೆ ಹರಿದು ರಕ್ತ ಸೋರಬಹುದು. ಎರಡು ವಾರದ ಈ ಪಥ್ಯಕ್ಕೆ ಅದು ಕುಗ್ಗಿ ದಾರಿ ಬಿಡುತ್ತದೆ. ಇದನ್ನು ಚಿತ್ರ ಬರೆದು ತೋರಿಸಿದ ಮೇಲೆ ಪಥ್ಯ ಮುರಿಯುವವರು ಕಡಿಮೆ ಎಂದರು ಆ ಡಯಟೀಷಿಯನ್. ರಕ್ತದ ವರದಿಗಳನ್ನೂ ಅವರೇ ತೋರಿಸಿದರು. ನೂರು ಕಿಲೋ ದಾಟಿದ ಮೈಗಳಲ್ಲಿ ವಿಟಮಿನ್ ಡಿ ಇಲ್ಲ, ಕಬ್ಬಿಣ ಇಲ್ಲ, ಸಸ್ಯಾಹಾರಿಗಳಲ್ಲಿ ಬಿ12 ಇಲ್ಲ. ಆಪರೇಷನ್ನಿನ ನಂತರ ಇವನ್ನು ಹೀರಿಕೊಳ್ಳುವ ಶಕ್ತಿ ಇನ್ನೂ ತಗ್ಗುತ್ತದೆ, ಹಾಗಾಗಿ ಈಗಲೇ ತುಂಬಿಸಬೇಕು.

ಎದೆಯುರಿ, ಹುಳಿತೇಗು ಇರುವವರಿಗೆ ಎಂಡೋಸ್ಕೋಪಿ. ಇದರ ಫಲಿತಾಂಶ ಆಪರೇಷನ್ನಿನ ಬಗೆಯನ್ನೇ ಬದಲಿಸಬಹುದು. ಜಠರದ ಬಹುಪಾಲನ್ನು ಕತ್ತರಿಸಿ ಕೊಳವೆಯಂತೆ ಉಳಿಸುವ ಸ್ಲೀವ್ ಎದೆಯುರಿಯನ್ನು ಹೆಚ್ಚಿಸಬಲ್ಲದು. ಅಂಥವರಿಗೆ ಸಣ್ಣ ಚೀಲ ಮಾಡಿ ಕರುಳಿಗೆ ಜೋಡಿಸುವ ಬೈಪಾಸೇ ಮೇಲೆಂದು ಸಾಮಾನ್ಯವಾಗಿ ಸಲಹೆ ಮಾಡುತ್ತಾರೆ. ಶುಗರ್ ಇದ್ದವರಿಗೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಯನ್ನು ಹತೋಟಿಗೆ ತರಬೇಕು. ಎಕೋ, ಇಸಿಜಿ, ಥೈರಾಯ್ಡ್, ಕಾಲಿನ ರಕ್ತನಾಳಗಳ ಪರೀಕ್ಷೆ ಸಾಲಾಗಿ ನಡೆಯುತ್ತವೆ.

ಮಂಡಿಯ ಮಾತಿಗೆ ಬಂದರೆ ಇಲ್ಲಿ ಎಲ್ಲರೂ ಮಾತಾಡುತ್ತಾರೆ. ನಡೆಯುವಾಗ ಮಂಡಿಯ ಮೇಲೆ ಬೀಳುವ ಹೊರೆ ಮೈತೂಕದ ಮೂರು ನಾಲ್ಕು ಪಟ್ಟು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಸುಮಾರು ನಾಲ್ಕು ಕಿಲೋ ಹೊರೆ ತಗ್ಗುತ್ತದೆಂದು 2005ರ ಅಮೆರಿಕದ ಅಧ್ಯಯನವೊಂದು ಅಳೆದು ತೋರಿಸಿದೆ. ತುಮಕೂರಿನ ಆ ಶಿಕ್ಷಕಿಗೆ ಮೂಳೆ ವೈದ್ಯರು ಹೇಳಿದ್ದು: ತೂಕ ಇಳಿಸಿ, ಆಮೇಲೆ ಮಂಡಿ ಬದಲಿಸೋಣ. ಬೇರೆ ವೈದ್ಯರು ಹೇಳಿದ್ದು: ನಡೆಯಿರಿ, ತೂಕ ಇಳಿಯುತ್ತದೆ. ಶೌಚಾಲಯದಲ್ಲಿ ಕುಕ್ಕರುಗಾಲಲ್ಲಿ ಕೂರಲಾಗದವರಿಗೆ, ಮದುವೆಯ ಪಂಕ್ತಿಯಲ್ಲಿ ಕೂತರೆ ಏಳಲು ಇಬ್ಬರು ಬೇಕಾದವರಿಗೆ, ಈ ಎರಡು ಸಲಹೆಗಳ ನಡುವೆ ಹೋಗಲು ಎಲ್ಲಿ ಜಾಗವಿದೆ? "ಹೋಗೋದೇ ಬಿಟ್ಟೆ. ಮೊಮ್ಮಗಳ ನಾಮಕರಣಕ್ಕೂ ಹೋಗ್ಲಿಲ್ಲ" ಎಂದರು.

ಪಟ್ಟಿಯ ಕೊನೆಗೆ ಮನೋವೈದ್ಯರ ಭೇಟಿ ಇರುತ್ತದೆ. "ನನಗೇನು ಹುಚ್ಚಾ?" ಎಂದು ಸಿಟ್ಟಾಗುವವರು ಒಳಗೆ ಹೋದ ಮೇಲೆ ಮುಕ್ಕಾಲು ಗಂಟೆ ಹೊರಬರುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ತಡೆಯಲಾರದೆ ತಿನ್ನುವುದು, ತಿಂದು ಅಳುವುದು, ಶಾಲೆಯಲ್ಲಿ ಡುಮ್ಮಿ ಎಂದವರ ಮುಖಗಳು ಇವತ್ತಿಗೂ ನೆನಪಿರುವುದು, ಇವೆಲ್ಲ ಅಲ್ಲಿ ಹೊರಬರುತ್ತವೆ. "ಬಾಯಿ ಕಟ್ಟಬಾರದಾ" ಎಂದು ಇವರಿಗೆ ಹೇಳದವರಿಲ್ಲ. ಹೇಳಿದವರಿಗೆ ದೇಹದ ಲೆಕ್ಕ ತಿಳಿಯದು. ಕೊಬ್ಬಿನ ಕೋಶಗಳೇ ಲೆಪ್ಟಿನ್ ಎಂಬ ಹಾರ್ಮೋನು ಕಳಿಸಿ ಮಿದುಳಿನೊಡನೆ ಮಾತಾಡುತ್ತವೆಂದು ಜಗತ್ತಿಗೆ ಗೊತ್ತಾದದ್ದು 1994ರಲ್ಲಿ. ಪಥ್ಯದಿಂದ ತೂಕ ಇಳಿಸಿದವರಲ್ಲಿ ಹಸಿವಿನ ಹಾರ್ಮೋನುಗಳು ಒಂದು ವರ್ಷದ ನಂತರವೂ ಏರಿಯೇ ಇರುತ್ತವೆಂದು 2011ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಕಂಡುಕೊಂಡರು. ಇಳಿದ ತೂಕವನ್ನು ದೇಹ ವಾಪಸು ಕೇಳುತ್ತದೆ. ಪದೇ ಪದೇ ಇಳಿಸಿ, ಪದೇ ಪದೇ ಏರಿ ದಣಿದವರೇ ಇಲ್ಲಿ ಕೂತಿರುವುದು. ಇವರನ್ನು ಛಲವಿಲ್ಲದವರು ಎನ್ನುವುದು ಅನ್ಯಾಯ.

ಕೊನೆಯ ಕೌಂಟರು ವಿಮೆಯದು. ವಿಮಾ ನಿಯಂತ್ರಣ ಪ್ರಾಧಿಕಾರದ ಮಾದರಿ ನಿಯಮದಂತೆ ಬಿಎಂಐ 40 ಇದ್ದರೆ ಖರ್ಚು ಸಿಗಬಹುದು. 35 ಇದ್ದರೆ ಜೊತೆಗೆ ನಾಲ್ಕರಲ್ಲೊಂದು ಇರಲೇಬೇಕು: ಬೊಜ್ಜಿನಿಂದ ಬಂದ ಹೃದಯ ಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳಗಳ ಕಾಯಿಲೆ, ತೀವ್ರ ಸ್ಲೀಪ್ ಅಪ್ನಿಯಾ, ಹತೋಟಿಗೆ ಬಾರದ ಟೈಪ್ 2 ಶುಗರ್. ಸವೆದ ಮಂಡಿ ಆ ಪಟ್ಟಿಯಲ್ಲಿಲ್ಲ. ನಾರುಗಟ್ಟುತ್ತಿರುವ ಲಿವರ್ ಇಲ್ಲ, ಹುಡುಗಿಯ ಕಣ್ಣಿನ ನರವಿಲ್ಲ. ಕಾಯಿಲೆ ಹತೋಟಿ ತಪ್ಪುವವರೆಗೆ ಕಾಯಿರಿ ಎಂದ ಹಾಗೆ ಇದು. ವೈದ್ಯಲೋಕ ಇದಕ್ಕಿಂತ ಮುಂದೆ ಬಂದಿದೆ. ತೂಕವನ್ನು ಮಾತ್ರ ನೋಡದೆ ಅದು ಅಂಗಾಂಗಗಳಿಗೆ ಮಾಡಿದ ಹಾನಿಯನ್ನು ನೋಡಿ ಹಂತ ಗುರುತಿಸುವ ಎಡ್ಮಂಟನ್ ಪದ್ಧತಿ 2009ರಲ್ಲೇ ಬಂತು. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗವೂ ಬಿಎಂಐ ಒಂದನ್ನೇ ನಂಬಬೇಡಿ, ಅಂಗಗಳು ಕೆಟ್ಟಿವೆಯೇ, ದಿನದ ಬದುಕು ಕುಂಟುತ್ತಿದೆಯೇ ನೋಡಿ ಎಂದಿತು. ವಿಮೆಯ ಪಟ್ಟಿ ಈ ತಿಳಿವಳಿಕೆಗೆ ತಕ್ಕಂತೆ ಬದಲಾಗಲೇಬೇಕು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ, ಅಂದರೆ 2019–21ರಲ್ಲಿ, ಕರ್ನಾಟಕದ ವಯಸ್ಕ ಹೆಂಗಸರಲ್ಲೂ ಗಂಡಸರಲ್ಲೂ ನೂರಕ್ಕೆ ಸುಮಾರು 30 ಮಂದಿಯ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು. ಇವರಲ್ಲಿ ಆಪರೇಷನ್ನಿನ ಹಂತಕ್ಕೆ ಬರುವವರು ಕೆಲವೇ ಮಂದಿ. ಈ ಪರೀಕ್ಷೆಗಳಲ್ಲಿ ಬಹುಪಾಲಿಗೆ ಅಷ್ಟು ದೂರ ಬರಬೇಕಾಗಿಯೂ ಇಲ್ಲ. ಬಿಪಿ, ಶುಗರ್, ಲಿವರ್, ಮುಟ್ಟಿನ ವಿವರ ಜಿಲ್ಲಾ ಆಸ್ಪತ್ರೆಯಲ್ಲೇ ಸಿಗುತ್ತವೆ. ಮುಂದಿನ ಮದುವೆ ಮನೆಯಲ್ಲಿ ದಪ್ಪಗಿರುವ ನೆಂಟರು ಎದುರಾದಾಗ ತೂಕದ ಮಾತು ಎತ್ತಬೇಡಿ, ಅದನ್ನು ಅವರು ನಿಮಗಿಂತ ಹೆಚ್ಚು ಸಲ ಕೇಳಿದ್ದಾರೆ. ಒಮ್ಮೆ ಎಲ್ಲ ಪರೀಕ್ಷೆ ಮಾಡಿಸಿಕೊಂಡಿದ್ದೀರಾ ಎಂದು ಬಿಡುವಾಗಿ ಕೇಳಿ. ಇಲ್ಲವೆಂದರೆ ಒಂದು ದಿನ ಜೊತೆಗೆ ಹೋಗಿ ಬನ್ನಿ.